ದಂಪತಿ ಬೇರೆಯಾದರೆ ಮಗುವಿನ ಗತಿ ಏನು? ಕೌಟುಂಬಿಕ ಕಾನೂನು ಅರ್ಥವಾಗುವ ಹಾಗೆ

ಅಂಚೆಯವರು ಸಹಿ ಹಾಕಿಸಿಕೊಂಡು ಕೊಟ್ಟ ಲಕೋಟೆ. ಒಡೆದರೆ ಕೌಟುಂಬಿಕ ನ್ಯಾಯಾಲಯದ ನೋಟಿಸ್. ಮೇಲ್ಗಡೆ ಒಂದು ಸಂಖ್ಯೆ, ಕೆಳಗೆ ಹಾಜರಾಗಬೇಕಾದ ತಾರೀಕು, ಅದರ ಹಿಂದೆ ಹತ್ತಾರು ಪುಟಗಳ ಅರ್ಜಿ. ಪಕ್ಕದ ಕೋಣೆಯಲ್ಲಿ ಮಗು ಮಗ್ಗಿ ಬರೆಯುತ್ತಾ ಕೂತಿರುತ್ತದೆ. ಅರ್ಜಿಯನ್ನು ಪೂರ್ತಿ ಓದುವ ಮೊದಲೇ ಎದೆಗೆ ನಾಟುವ ಪ್ರಶ್ನೆ ಒಂದೇ: ಮಗು ಯಾರಿಗೆ?

ಹೆತ್ತವರು ಹೀಗೆ ಕೇಳುವುದು ಸಹಜ. ಆದರೆ ಕಾನೂನು ಈ ಪ್ರಶ್ನೆಯನ್ನು ತಿರುವಿ ಹಾಕಿ ಕೇಳುತ್ತದೆ: ಮಗುವಿಗೆ ಯಾರು, ಎಷ್ಟು, ಹೇಗೆ ಸಿಗಬೇಕು? ಈ ಒಂದು ತಿರುವು ಅರ್ಥವಾದರೆ ಮುಂದಿನ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಹಾಗಾಗಿ ಈ ಲೇಖನವನ್ನು ಮಗುವನ್ನು ನಡುವೆ ಇಟ್ಟುಕೊಂಡೇ ಬರೆದಿದ್ದೇನೆ.

ನೋಟಿಸಿನ ಮೇಲಿನ ಸಂಖ್ಯೆ ಏನು ಹೇಳುತ್ತದೆ

ಮೊದಲು ಆ ಸಂಖ್ಯೆಯನ್ನು ನೋಡಿ. ಕರ್ನಾಟಕದ ನ್ಯಾಯಾಲಯಗಳಲ್ಲಿ 'ಎಂ.ಸಿ.' ಎಂದಿದ್ದರೆ ಅದು ಮದುವೆಗೆ ಸಂಬಂಧಿಸಿದ ಅರ್ಜಿ. ವಿಚ್ಛೇದನ ಆಗಿರಬಹುದು, ಇಲ್ಲವೇ 'ನನ್ನ ಜೊತೆ ಬಂದು ಸಂಸಾರ ಮಾಡಲಿ' ಎಂದು ಕೇಳುವ ಅರ್ಜಿಯೂ ಆಗಿರಬಹುದು. 'ಜಿ ಅಂಡ್ ಡಬ್ಲ್ಯು.ಸಿ.' ಎಂದಿದ್ದರೆ ಅದು ಮಗುವಿನ ಬಗ್ಗೆ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ ಹಾಕಿದ್ದು. 'ಸಿ.ಮಿಸ್.' ಅಥವಾ 'ಕ್ರಿ.ಮಿಸ್.' ಎಂದಿದ್ದರೆ ಸಾಮಾನ್ಯವಾಗಿ ಜೀವನಾಂಶದ್ದೋ ಕೌಟುಂಬಿಕ ದೌರ್ಜನ್ಯದ್ದೋ ಆಗಿರುತ್ತದೆ.

ಅಂದರೆ ಮನೆಯವರೆಲ್ಲ 'ಡೈವೋರ್ಸ್ ಕೇಸು' ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಕಾನೂನಿನ ಕಣ್ಣಿಗೆ ಎರಡು ಮೂರು ಬೇರೆ ಬೇರೆ ವಿಷಯ. ಗಂಡ ಹೆಂಡತಿಯ ಸಂಬಂಧ ಒಂದು. ಊಟ, ಬಟ್ಟೆ, ಬಾಡಿಗೆ, ಶಾಲೆಯ ಫೀಸು ಇನ್ನೊಂದು. ಮಗುವಿನ ವಾಸ, ಪಾಲನೆ ಮತ್ತೊಂದು. ಮೊದಲನೆಯದಕ್ಕೆ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ತೀರ್ಮಾನ, ಬಿದ್ದರೆ ಅದು ಮುಗಿಯಿತು. ಮಗುವಿನದು ಹಾಗೆ ಮುಗಿಯುವುದಿಲ್ಲ, 18 ತುಂಬುವವರೆಗೂ ಜೀವಂತ ಇರುತ್ತದೆ. ವಿಚ್ಛೇದನ ಕೇಳದೆಯೇ ಮಗುವಿನ ಅರ್ಜಿ ಹಾಕಬಹುದು. ವಿಚ್ಛೇದನದ ಅರ್ಜಿ ವಜಾ ಆದರೂ ಮಗುವಿನ ಅರ್ಜಿ ನಡೆಯಬಹುದು.

ನೋಟಿಸ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಕೇಸು ನಿಲ್ಲುತ್ತದೆ ಎಂಬ ನಂಬಿಕೆ ಇನ್ನೂ ಇದೆ. ನಿಲ್ಲುವುದಿಲ್ಲ. ಹಾಜರಾಗದಿದ್ದರೆ ಒಂದೇ ಕಡೆಯವರ ಮಾತು ಕೇಳಿ ಏಕಪಕ್ಷೀಯವಾಗಿ ಆದೇಶ ಆಗಬಹುದು. ಅದನ್ನು ತೆಗೆಸಲು ಮತ್ತೆ ಓಡಾಡಬೇಕು.

ಛಾಪಾ ಕಾಗದದ ಬಿಡುಗಡೆ ಪತ್ರ ಸಾಲದು

ಊರ ಹಿರಿಯರು ಕೂತು ಪಂಚಾಯಿತಿ ಮಾಡಿ, ಛಾಪಾ ಕಾಗದದ ಮೇಲೆ 'ಇಬ್ಬರಿಗೂ ಇನ್ನು ಸಂಬಂಧವಿಲ್ಲ, ಮಗು ತಾಯಿಯ ಪಾಲಿಗೆ' ಎಂದು ಬರೆಸಿ, ನೋಟರಿ ಮುದ್ರೆ ಹಾಕಿಸುವುದು ನಮ್ಮಲ್ಲಿ ಹೊಸದೇನಲ್ಲ. ಹಿಂದಿನವರು ಇದನ್ನೇ ಸೋಡಚೀಟಿ ಎನ್ನುತ್ತಿದ್ದರು. ಒಂದು ಸಮುದಾಯದಲ್ಲಿ ಹೀಗೆ ಬಿಡುಗಡೆ ಪಡೆಯುವ ರೂಢಿ ಹಿಂದಿನಿಂದ ಇದ್ದರೆ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಅದನ್ನು ಉಳಿಸಿದೆ ನಿಜ. ಆದರೆ ಆ ರೂಢಿ ಇತ್ತು ಎಂಬುದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ಉಳಿದವರಿಗೆ ಆ ಕಾಗದ ವಿಚ್ಛೇದನ ಆಗುವುದಿಲ್ಲ. ಅದನ್ನೇ ನಂಬಿ ಇನ್ನೊಂದು ಮದುವೆಯಾದವರು ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ. 'ಮಗುವಿಗೆ ಮುಂದೆ ಏನೂ ಕೇಳುವುದಿಲ್ಲ' ಎಂದು ತಾಯಿ ಅದರಲ್ಲಿ ಬರೆದುಕೊಟ್ಟಿದ್ದರೂ ಮಗುವಿನ ಜೀವನಾಂಶದ ಹಕ್ಕು ಹೋಗುವುದಿಲ್ಲ. ಆ ಹಕ್ಕು ಮಗುವಿನದು, ಅದನ್ನು ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ, ತಂದೆಗೂ ಇಲ್ಲ.

ಹತ್ತು ವರ್ಷ ಬೇರೆ ಬೇರೆ ಇದ್ದರೆ ವಿಚ್ಛೇದನ ತಾನಾಗಿ ಆಗುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಎಷ್ಟು ವರ್ಷ ಕಳೆದರೂ ಆಗುವುದಿಲ್ಲ. 'ಮದುವೆ ಸರಿಪಡಿಸಲಾರದಷ್ಟು ಮುರಿದಿದೆ' ಎಂಬ ಒಂದೇ ಕಾರಣಕ್ಕೆ ಬಿಡುಗಡೆ ಕೊಡುವ ವಿಶೇಷ ಅಧಿಕಾರ ಸಂವಿಧಾನದ 142ನೇ ವಿಧಿಯ ಕೆಳಗೆ ಸುಪ್ರೀಂ ಕೋರ್ಟಿಗೆ ಇದೆ ಎಂದು 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಜಿಲ್ಲೆಯ ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರ ಇಲ್ಲ.

ಒಪ್ಪಿ ಬೇರೆಯಾಗುವುದು, ಜಗಳವಾಡಿ ಬೇರೆಯಾಗುವುದು

ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬುದು ಮದುವೆ ಹೇಗಾಯಿತು ಎಂಬುದರ ಮೇಲೆ ನಿಂತಿದೆ. ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ. ಸಬ್ ರಿಜಿಸ್ಟ್ರಾರ್ ಎದುರು ವಿಶೇಷ ವಿವಾಹವಾದವರಿಗೆ 1954ರ ಕಾಯ್ದೆ. ಕ್ರೈಸ್ತರಿಗೆ 1869ರದ್ದು. ಮುಸ್ಲಿಮರಿಗೆ ವೈಯಕ್ತಿಕ ಕಾನೂನಿನಲ್ಲಿ ಪತ್ನಿಯೇ ಕೇಳಿ ಪಡೆಯುವ ಖುಲಾ, ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರತ್‌ನಂಥ ದಾರಿಗಳ ಜೊತೆಗೆ ಪತ್ನಿ ನ್ಯಾಯಾಲಯಕ್ಕೆ ಹೋಗಲು 1939ರ ಕಾಯ್ದೆ. ಒಂದೇ ಉಸಿರಿಗೆ ಹೇಳುವ ತ್ರಿವಳಿ ತಲಾಖ್ 2019ರ ಕಾನೂನಿನ ಪ್ರಕಾರ ಅಸಿಂಧು, ಅಪರಾಧವೂ ಹೌದು.

ಹೆಚ್ಚಿನವರಿಗೆ ಅನ್ವಯಿಸುವ ಹಿಂದೂ ವಿವಾಹ ಕಾಯ್ದೆಯನ್ನೇ ತೆಗೆದುಕೊಳ್ಳೋಣ. ಇಬ್ಬರೂ ಒಪ್ಪಿದರೆ 13-ಬಿ ಕಲಮಿನ ಕೆಳಗೆ ಜಂಟಿ ಅರ್ಜಿ ಹಾಕಬಹುದು. ಅದಕ್ಕೆ ಮೊದಲು ಕನಿಷ್ಠ ಒಂದು ವರ್ಷ ಗಂಡ ಹೆಂಡತಿಯಾಗಿ ಬಾಳದೆ ಬೇರೆ ಇದ್ದಿರಬೇಕು. ಒಂದೇ ಸೂರಿನ ಕೆಳಗಿದ್ದೂ ಸಂಸಾರ ಇಲ್ಲದಿದ್ದರೆ ಅದೂ 'ಬೇರೆ ಇರುವುದೇ'. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು 'ಹೌದು, ಇದೇ ನಮ್ಮ ತೀರ್ಮಾನ' ಎನ್ನಬೇಕು. ಅಲ್ಲಿಯವರೆಗೆ ಯಾರಾದರೂ ಒಬ್ಬರು ಒಪ್ಪಿಗೆ ಹಿಂತೆಗೆದುಕೊಳ್ಳಬಹುದು.

ಆ ಆರು ತಿಂಗಳನ್ನು ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಹಾಗೆ ಮನ್ನಾ ಮಾಡಲು ಅದು ಇಟ್ಟ ಷರತ್ತುಗಳಲ್ಲಿ ಒಂದನ್ನು ಗಮನಿಸಬೇಕು: ಜೀವನಾಂಶದ ಜೊತೆ ಮಗುವಿನ ಸುಪರ್ದಿಯ, ಅಂದರೆ ಮಗು ಯಾರ ಬಳಿ ಇರಬೇಕೆಂಬ, ವಿಷಯವನ್ನೂ ದಂಪತಿ ನಿಜವಾಗಿ ಬಗೆಹರಿಸಿಕೊಂಡಿರಬೇಕು. ಮಗುವಿನ ವ್ಯವಸ್ಥೆ ಅರ್ಧಕ್ಕೆ ಬಿಟ್ಟು ಬೇಗ ಬಿಡುಗಡೆ ಕೇಳಿದರೆ ದಾರಿ ಸುಲಭವಲ್ಲ.

ಒಬ್ಬರು ಒಪ್ಪದಿದ್ದರೆ 13ನೇ ಕಲಮಿನಲ್ಲಿರುವ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ಕ್ರೌರ್ಯ, ಎರಡು ವರ್ಷ ತೊರೆದು ಹೋಗಿರುವುದು, ವ್ಯಭಿಚಾರ ಹೆಚ್ಚಾಗಿ ಬರುವ ಕಾರಣಗಳು. ಸಾಕ್ಷಿ, ಪಾಟೀಸವಾಲು, ವಾಯಿದೆ ಮೇಲೆ ವಾಯಿದೆ ಎಂದು ವರ್ಷಗಳು ಹಿಡಿಯುತ್ತವೆ. ಇಲ್ಲೊಂದು ಮಾತು ನೆನಪಿಡಬೇಕು. ಗಂಡನೋ ಹೆಂಡತಿಯೋ ಕೆಟ್ಟ ಸಂಗಾತಿ ಎಂದು ಸಾಬೀತಾದ ಮಾತ್ರಕ್ಕೆ ಅವರು ಕೆಟ್ಟ ತಂದೆ ಅಥವಾ ತಾಯಿ ಎಂದಾಗುವುದಿಲ್ಲ. ನ್ಯಾಯಾಲಯಗಳು ಇವೆರಡನ್ನೂ ಬೇರೆ ಬೇರೆಯಾಗಿಯೇ ತೂಗುತ್ತವೆ.

ನ್ಯಾಯಾಲಯದ ಒಳಗೆ

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಈ ಕೇಸುಗಳನ್ನು ಉಳಿದ ಸಿವಿಲ್ ವ್ಯಾಜ್ಯಗಳ ಗುಂಪಿನಿಂದ ಹೊರಗೆ ತಂದಿತು. ಮೊದಲು ರಾಜಿಗೆ ಪ್ರಯತ್ನಿಸುವುದು ಇಲ್ಲಿ ನ್ಯಾಯಾಧೀಶರ ಕರ್ತವ್ಯ. ಇಬ್ಬರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯಗಳೂ ಮಧ್ಯಸ್ಥಿಕೆ ಕೇಂದ್ರವೂ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿವೆ.

ಮಧ್ಯಸ್ಥಿಕೆ ಎಂದರೆ 'ಹೊಂದಿಕೊಂಡು ಹೋಗಿ' ಎಂದು ಬುದ್ಧಿ ಹೇಳಿ ಕಳಿಸುವುದು ಎಂದು ಹಲವರು ಹೆದರುತ್ತಾರೆ. ಹಾಗಲ್ಲ. ಅಲ್ಲಿ ಕೂತ ಮಧ್ಯಸ್ಥರು ತೀರ್ಪು ಕೊಡುವುದಿಲ್ಲ, ಆಡಿದ ಮಾತುಗಳನ್ನು ಆಮೇಲೆ ಸಾಕ್ಷಿಯಾಗಿ ಬಳಸುವಂತೆಯೂ ಇಲ್ಲ. ಮದುವೆ ಉಳಿಯದಿದ್ದರೂ ಮಗುವಿನ ವೇಳಾಪಟ್ಟಿಯನ್ನು ತಲೆ ತಣ್ಣಗಿಟ್ಟುಕೊಂಡು ಬರೆಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಂತೆ ಬೇರೆ ಇಲ್ಲ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಮಾತ್ರ ಲೆಕ್ಕವೇ ಬೇರೆ. ಅಂಥ ಮಹಿಳೆಯರು ಮೊದಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಮ್ಯಾಜಿಸ್ಟ್ರೇಟರ ಬಳಿ ರಕ್ಷಣೆ ಕೇಳಬಹುದು. ಇದ್ದ ಮನೆಯಲ್ಲೇ ಇರುವ ಹಕ್ಕು, ಮಗುವಿನ ತಾತ್ಕಾಲಿಕ ಸುಪರ್ದಿ ಎರಡನ್ನೂ ಅಲ್ಲಿಯೇ ಕೇಳಲು ಅವಕಾಶವಿದೆ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವ ತಾಯಂದಿರಿಗೆ ಇದು ತಿಳಿದಿರಲಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬೇಕು, ಇಲ್ಲವೇ 15100ಕ್ಕೆ ಕರೆ ಮಾಡಬೇಕು.

ಸುಪರ್ದಿ, ಪಾಲಕತ್ವ, ಭೇಟಿ

ಈ ಮೂರು ಪದಗಳನ್ನು ಒಂದರೊಳಗೊಂದು ಕಲಸಿಬಿಟ್ಟರೆ ಎಲ್ಲವೂ ಗೋಜಲು. ಮಗು ರಾತ್ರಿ ಯಾರ ಮನೆಯಲ್ಲಿ ಮಲಗುತ್ತದೆ, ಬೆಳಿಗ್ಗೆ ಯಾರು ಎಬ್ಬಿಸಿ ಟಿಫಿನ್ ಡಬ್ಬಿ ಕಟ್ಟುತ್ತಾರೆ ಎಂಬುದು ಸುಪರ್ದಿ, ಅಂದರೆ ಕಸ್ಟಡಿ. ಮಗುವಿನ ಪರವಾಗಿ ಬ್ಯಾಂಕಿನಲ್ಲಿ, ಆಸ್ತಿಯ ಪತ್ರದಲ್ಲಿ, ದೊಡ್ಡ ತೀರ್ಮಾನಗಳಲ್ಲಿ ಯಾರ ಸಹಿ ನಡೆಯುತ್ತದೆ ಎಂಬುದು ಪಾಲಕತ್ವ. ಮಗು ತನ್ನ ಜೊತೆ ವಾಸವಿಲ್ಲದ ತಂದೆ ಅಥವಾ ತಾಯಿಯನ್ನು ಎಂದು, ಎಲ್ಲಿ ಕಾಣುತ್ತದೆ ಎಂಬುದು ಭೇಟಿಯ ಹಕ್ಕು. ಸುಪರ್ದಿ ಒಬ್ಬರಿಗೆ ಹೋದರೂ ಪಾಲಕತ್ವ ಇನ್ನೊಬ್ಬರಲ್ಲಿ ಉಳಿದಿರಬಹುದು.

1956ರ ಹಿಂದೂ ಅಪ್ರಾಪ್ತ ವಯಸ್ಸು ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು ಸಹಜ ಪಾಲಕರು 'ತಂದೆ, ಆತನ ನಂತರ ತಾಯಿ' ಎನ್ನುತ್ತದೆ. ಆ 'ನಂತರ' ಎಂಬ ಒಂದು ಪದದ ಮೇಲೆ ದೊಡ್ಡ ವ್ಯಾಜ್ಯವೇ ನಡೆಯಿತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂದು ಅರ್ಜಿ ವಾಪಸ್ ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 'ನಂತರ' ಎಂದರೆ ತಂದೆ ಸತ್ತ ನಂತರ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಹೊಣೆ ಹೊರದೆ ಇರುವಾಗಲೂ ತಾಯಿ ಸಹಜ ಪಾಲಕಿಯೇ ಎಂದು 1999ರಲ್ಲಿ ತೀರ್ಪು ಬಂತು. ಒಂಟಿಯಾಗಿ ಮಗು ಸಾಕುತ್ತಿರುವ ತಾಯಂದಿರು ಕಚೇರಿಯ ಕಿಟಕಿಯಲ್ಲಿ 'ಅಪ್ಪನ ಸಹಿ ಎಲ್ಲಿ' ಎಂಬ ಪ್ರಶ್ನೆ ಎದುರಿಸಿದಾಗ ನೆನಪಿಸಬಹುದಾದ ತೀರ್ಪು ಇದು. ಮಗುವಿನ ಪಾಸ್‌ಪೋರ್ಟಿಗೂ ಇನ್ನೊಬ್ಬರ ಒಪ್ಪಿಗೆ ಸಿಗದಿದ್ದಾಗ ಅನುಬಂಧ 'ಸಿ' ಎಂಬ ಘೋಷಣಾ ಪತ್ರದ ದಾರಿ ಇದೆ.

ಇನ್ನು ಐದು ವರ್ಷದ ವಿಷಯ. 1956ರ ಕಾಯ್ದೆಯ ಅದೇ 6ನೇ ಕಲಮು ಐದು ತುಂಬದ ಮಗು 'ಸಾಮಾನ್ಯವಾಗಿ' ತಾಯಿಯ ಬಳಿ ಇರಬೇಕು ಎನ್ನುತ್ತದೆ. ಇದನ್ನು 'ಐದು ತುಂಬಿದ ದಿನ ಮಗು ತಂದೆಗೆ' ಎಂದು ಓದುವವರಿದ್ದಾರೆ. ಕಾನೂನಿನಲ್ಲಿ ಹಾಗೆ ಎಲ್ಲೂ ಇಲ್ಲ. ಐದರ ಒಳಗೂ ಹೊರಗೂ ಕೊನೆಯ ಮಾತು ಇದೇ ಪಾಲಕತ್ವ ಕಾಯ್ದೆಯ 13ನೇ ಕಲಮಿನದು: ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು.

'ಮಗುವಿನ ಹಿತ' ಎಂದರೆ ಏನನ್ನು ನೋಡುತ್ತಾರೆ

ಕೇಳಲು ಇದು ದೊಡ್ಡ ಮಾತು. ಹತ್ತಿರದಿಂದ ನೋಡಿದರೆ ಮಗುವಿನ ಒಂದು ದಿನದ ಲೆಕ್ಕ. ಶಾಲೆ ಎಷ್ಟು ದೂರ, ಜ್ವರ ಬಂದರೆ ರಜೆ ಹಾಕುವವರು ಯಾರು, ಲಸಿಕೆಯ ತಾಯಿ ಕಾರ್ಡ್ ಯಾರ ಬೀರುವಿನಲ್ಲಿದೆ, ಪೋಷಕರ ಸಭೆಗೆ ಯಾರು ಹೋಗುತ್ತಾರೆ, ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ಅಜ್ಜಿಯೋ ಅತ್ತೆಯೋ ಇದ್ದಾರೆಯೇ, ಅಣ್ಣ ತಂಗಿಯನ್ನು ಬೇರೆ ಮಾಡಬೇಕಾಗುತ್ತದೆಯೇ. ಸಂಬಳ ಹೆಚ್ಚಿರುವುದು ಒಂದು ಅಂಶ ಮಾತ್ರ, ಹಣ ಕಡಿಮೆ ಇದ್ದವರಿಗೆ ಜೀವನಾಂಶದ ಮೂಲಕ ಅದನ್ನು ತುಂಬಿಕೊಡಬಹುದು.

ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ಕೇಳಬಹುದು ಎಂದು 1890ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಇದಕ್ಕೆ ಇಂತಿಷ್ಟೇ ವಯಸ್ಸು ಎಂದಿಲ್ಲ. ನ್ಯಾಯಾಧೀಶರು ಸಾಮಾನ್ಯವಾಗಿ ತಮ್ಮ ಕೋಣೆಗೆ ಕರೆಸಿಕೊಂಡು ಅಪ್ಪ ಅಮ್ಮ ಇಲ್ಲದಾಗ ಮಾತಾಡಿಸುತ್ತಾರೆ. ಮಗು ಹೇಳಿದ್ದೇ ಕೊನೆಯಲ್ಲ, ಯಾಕೆಂದರೆ ಮಕ್ಕಳ ಕಿವಿ ಊದುವವರು ಇರುತ್ತಾರೆ. ಒಂದೂಮುಕ್ಕಾಲು ವರ್ಷದಿಂದ ತಂದೆಯ ಬಳಿಯೇ ಬೆಳೆದ ಹುಡುಗಿಯೊಬ್ಬಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಈ ಅಪಾಯವನ್ನು ವಿವರವಾಗಿ ಚರ್ಚಿಸಿ ಅವಳನ್ನು ತಾಯಿಯ ಸುಪರ್ದಿಗೆ ಕೊಟ್ಟಿತು. ಮಗು ಇಷ್ಟು ದಿನ ಇದ್ದ ಕಡೆಯೇ ಇರಲಿ ಎಂಬ ವಾದವೂ ಎಲ್ಲ ಸಲ ಗೆಲ್ಲುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಇಬ್ಬರಿಗೂ ಸರಿಸಮ ಸುಪರ್ದಿ ಸಾಧ್ಯವೇ? ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಂದು ಕೇಸಿನಲ್ಲಿ ಹಾಗೆ ಮಾಡಿತು. ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ. ಓದಿನ ಖರ್ಚು ಇಬ್ಬರಿಗೂ ಅರ್ಧರ್ಧ. ಭಾರತದ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯನ್ನು ಕಾಯ್ದೆಗೇ ಸೇರಿಸಬೇಕೆಂದು ಶಿಫಾರಸು ಮಾಡಿತು. ಸಂಸತ್ತು ಅದನ್ನು ಇನ್ನೂ ಕಾನೂನು ಮಾಡಿಲ್ಲ, ಹಾಗಾಗಿ ಒಂದೊಂದು ಕೇಸಿನಲ್ಲಿ ಒಂದೊಂದು ರೀತಿ.

ಒಪ್ಪಂದದ ಒಂದು ಸಾಲು

ಶಿವಮೊಗ್ಗದ ಒಂದು ದಂಪತಿ ಎಂದುಕೊಳ್ಳಿ. ಒಂಬತ್ತು ವರ್ಷದ ಮಗಳು. ಒಪ್ಪಿ ಬೇರೆಯಾಗುತ್ತಿದ್ದಾರೆ. ಒಪ್ಪಂದದಲ್ಲಿ ಬರೆದಿದ್ದು: 'ತಂದೆ ಅನುಕೂಲವಾದಾಗ ಮಗಳನ್ನು ನೋಡಬಹುದು.' ಆ ದಿನ ಇಬ್ಬರಿಗೂ ಒಳ್ಳೆಯದೆನಿಸಿದ ಸಾಲು. ಆರು ತಿಂಗಳಲ್ಲಿ ಜಗಳ. ಯಾರ ಅನುಕೂಲ? ಅವನಿಗೆ ಭಾನುವಾರ, ಅವಳಿಗೆ ಶನಿವಾರ. ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾದು ಕಾದು ಒಳಗೆ ಹೋಗುತ್ತಾಳೆ.

ಅದೇ ಸಾಲನ್ನು ಹೀಗೆ ಬರೆಸಿ ನೋಡಿ: 'ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆಯು ಮಗಳನ್ನು ತಾಯಿಯ ಮನೆಯಿಂದ ಕರೆದೊಯ್ದು ಭಾನುವಾರ ಸಂಜೆ 6ಕ್ಕೆ ಅಲ್ಲಿಗೇ ತಂದು ಬಿಡತಕ್ಕದ್ದು. ದಸರಾ ಮತ್ತು ಬೇಸಿಗೆ ರಜೆಯ ಮೊದಲರ್ಧ ತಾಯಿಯ ಬಳಿ, ಉಳಿದರ್ಧ ತಂದೆಯ ಬಳಿ. ಬುಧವಾರ ಸಂಜೆ 7ಕ್ಕೆ ವಿಡಿಯೊ ಕರೆ.' ಹುಟ್ಟುಹಬ್ಬ, ಯುಗಾದಿ, ಅಜ್ಜ ಅಜ್ಜಿಯ ಭೇಟಿ, ಮಗಳಿಗೆ ಹುಷಾರಿಲ್ಲದಾಗ ಏನು, ಊರು ಬದಲಿಸಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಎಲ್ಲವನ್ನೂ ಸೇರಿಸಬಹುದು. ನೇರವಾಗಿ ಕಾಣಲು ಆಗದಾಗ ಫೋನು, ವಿಡಿಯೊ ಕರೆಯ ಮೂಲಕವಾದರೂ ಮಗುವಿನ ಸಂಪರ್ಕ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತಂದೆ ತಾಯಿ ಇಬ್ಬರ ಪ್ರೀತಿಯನ್ನೂ ಅದು ಮಗುವಿನ ಹಕ್ಕು ಎಂದೇ ನೋಡಿತು.

ಹಣ ಕೊಡಲಿಲ್ಲ ಎಂದು ಭೇಟಿ ನಿಲ್ಲಿಸುವುದು, ಭೇಟಿ ಕೊಡಲಿಲ್ಲ ಎಂದು ಹಣ ನಿಲ್ಲಿಸುವುದು ಎರಡೂ ತಪ್ಪು. ಎರಡಕ್ಕೂ ಬೇರೆ ಬೇರೆ ಅರ್ಜಿ ಇದೆ. ನಡುವೆ ಪೆಟ್ಟು ಬೀಳುವುದು ಮಗುವಿಗೆ.

ಹಣದ ಲೆಕ್ಕ

'ಸಂಬಳದ ಕಾಲು ಭಾಗ ಕೊಡಬೇಕಂತೆ', 'ಅರ್ಧ ಆಸ್ತಿ ಹೋಗುತ್ತದಂತೆ' ಎಂಬ ಮಾತುಗಳು ಮದುವೆ ಮನೆಗಳಲ್ಲೂ ಕೇಳಿಬರುತ್ತವೆ. ಜೀವನಾಂಶಕ್ಕೆ ನಿಗದಿಯಾದ ಶೇಕಡಾವಾರು ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡನ ಆಸ್ತಿಯನ್ನು ಸಮನಾಗಿ ಪಾಲು ಮಾಡುವ ನಿಯಮವೂ ಇಲ್ಲ. ತವರಿನಿಂದ, ಬಂಧುಗಳಿಂದ ಬಂದ ಒಡವೆ ವಸ್ತುಗಳ ಸ್ತ್ರೀಧನ ಮಾತ್ರ ಪೂರ್ತಿ ಹೆಂಡತಿಯದೇ. ಅಪ್ಪ ಅಮ್ಮ ಬೇರೆಯಾದರೆಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳ ಹಕ್ಕು ಹೋಗುವುದಿಲ್ಲ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ಲೆಕ್ಕವನ್ನು ಬಹಳ ಮಟ್ಟಿಗೆ ನೇರ ಮಾಡಿತು. ಈಗ ಜೀವನಾಂಶದ ಅರ್ಜಿಯಲ್ಲಿ ಇಬ್ಬರೂ ತಮ್ಮ ಆದಾಯ, ಖರ್ಚು, ಸಾಲ, ಆಸ್ತಿಯನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಹಣ ಸಲ್ಲಬೇಕಾದದ್ದು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. ಹೆಂಡತಿ ದುಡಿಯುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಅವಳ ಅರ್ಜಿ ಬಿದ್ದುಹೋಗುವುದಿಲ್ಲ. ಮಕ್ಕಳ ಓದಿನ ಖರ್ಚು ಸಾಮಾನ್ಯವಾಗಿ ತಂದೆಯದು, ತಾಯಿಗೂ ಸಾಕಷ್ಟು ಸಂಬಳವಿದ್ದರೆ ಆದಾಯಕ್ಕೆ ತಕ್ಕಂತೆ ಹಂಚಬಹುದು.

ಕೇಸು ನಡೆಯುವಾಗಲೇ ಬದುಕಲು ಮಧ್ಯಂತರ ಜೀವನಾಂಶ ಇದೆ. ಹಿಂದೆ ಎಲ್ಲರೂ '125' ಎಂದು ಕರೆಯುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಧರ್ಮ ಯಾವುದಾದರೂ ಇದು ಅನ್ವಯಿಸುತ್ತದೆ. ಆದೇಶವಾದರೂ ಹಣ ಕೊಡದಿದ್ದರೆ ವಾರಂಟು, ಜೈಲು ಎರಡೂ ಆಗಬಹುದು. ಆದರೆ ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಈ ಗಡುವನ್ನು ಮರೆತು ಹಣ ಕಳೆದುಕೊಂಡವರು ಅನೇಕರು.

ಒಬ್ಬರು ವಿದೇಶದಲ್ಲಿದ್ದರೆ

ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳಲ್ಲಿರುವ ಕನ್ನಡ ಕುಟುಂಬಗಳಿಗೆ ಎರಡು ಮಾತು. ಊರಿನಲ್ಲಿ ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ, ಅಲ್ಲಿಯ ನ್ಯಾಯಾಲಯದಲ್ಲಿ ಒಬ್ಬರೇ ಹೋಗಿ ಪಡೆದ ವಿಚ್ಛೇದನ ಇಲ್ಲಿ ಸಿಂಧುವಾಗುವುದು ಖಚಿತವಲ್ಲ ಎಂಬುದು 1991ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನಿಯಮ. ಇನ್ನೊಬ್ಬರು ಒಪ್ಪಿ ಆ ನ್ಯಾಯಾಲಯಕ್ಕೆ ಹಾಜರಾಗಿದ್ದರೆ ಬೇರೆ ಮಾತು. ಎರಡನೆಯದು, ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯುವುದರ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ವಿದೇಶಿ ಆದೇಶ ಕೈಯಲ್ಲಿದ್ದರೂ ಮಗುವನ್ನು ವಾಪಸ್ ಕಳಿಸಬೇಕೆ ಎಂಬುದನ್ನು ಇಲ್ಲಿಯ ನ್ಯಾಯಾಲಯ ಮಗುವಿನ ಹಿತ ನೋಡಿ ತಾನೇ ತೀರ್ಮಾನಿಸುತ್ತದೆ.

ಆದೇಶ ಕಲ್ಲಿನ ಮೇಲೆ ಕೊರೆದದ್ದಲ್ಲ

ಮಗು ಬೆಳೆದಂತೆ ಅದರ ಅಗತ್ಯ ಬದಲಾಗುತ್ತದೆ. ಅದಕ್ಕೇ ಸುಪರ್ದಿಯ ಆದೇಶವನ್ನು ಎಂದು ಬೇಕಾದರೂ ಬದಲಿಸಿಕೊಡಿ ಎಂದು ಕೇಳಬಹುದು, ಸಮ್ಮತಿಯ ವಿಚ್ಛೇದನದಲ್ಲಿ ಬರೆದುಕೊಂಡ ಷರತ್ತನ್ನೂ ಕೂಡ. ಕೆಲಸದ ವರ್ಗಾವಣೆ, ಮರುಮದುವೆ, ಕಾಯಿಲೆ, ಮಗುವಿನ ಇಷ್ಟ ಇವೆಲ್ಲ ಕಾರಣವಾಗಬಹುದು. 18 ತುಂಬಿದಾಗ ಸುಪರ್ದಿ ಮುಗಿಯುತ್ತದೆ. ಮದುವೆಯಾಗದ ಮಗಳು ಸ್ವಂತ ದುಡಿಮೆ ಇಲ್ಲದಿದ್ದರೆ ಆಮೇಲೂ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕೆಳಗೆ ಜೀವನಾಂಶ ಕೇಳಬಹುದು.

ಶಿವಮೊಗ್ಗದ ಆ ಹುಡುಗಿ ಎಸ್ಸೆಸ್ಸೆಲ್ಸಿಗೆ ಬಂದಳು ಎಂದುಕೊಳ್ಳಿ. ಶನಿವಾರ ಬೆಳಿಗ್ಗೆ ಗಣಿತದ ಟ್ಯೂಷನ್. 10 ಗಂಟೆಗೆ ತಂದೆ ಬಂದರೆ ಅವಳು ಮನೆಯಲ್ಲಿ ಇರುವುದಿಲ್ಲ. ಇಬ್ಬರೂ ವಕೀಲರ ಮೂಲಕ ನ್ಯಾಯಾಲಯಕ್ಕೆ ಒಂದು ಪುಟದ ಜಂಟಿ ಮೆಮೊ ಕೊಡುತ್ತಾರೆ: ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಶನಿವಾರದ 10 ಗಂಟೆಯ ಬದಲು ಮಧ್ಯಾಹ್ನ 2 ಗಂಟೆ, ಕರೆದೊಯ್ಯುವುದು ತಾಯಿಯ ಮನೆಯಿಂದಲ್ಲ, ಟ್ಯೂಷನ್ ಮನೆಯ ಗೇಟಿನಿಂದ.